ಒಬ್ಬರೇ ಕಾರಲ್ಲಿ ಹೋಗೋದಾ, ಪೂಲ್ ಮಾಡೋದಾ, ಬಸ್ಸು ಹತ್ತೋದಾ? ಗಡಿಯಾರ ಹಿಡ್ಕೊಂಡು ಹಾಕಿದ ಲೆಕ್ಕ

ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿಂತಾಗ ಅಕ್ಕಪಕ್ಕದ ಕಾರುಗಳಲ್ಲಿ ಎಷ್ಟು ತಲೆ ಇದೆ ಅಂತ ಎಣಿಸೋದು ನಂಗೊಂದು ಚಟ. ಹತ್ತು ಕಾರು ನೋಡಿದ್ರೆ ಏಳೆಂಟರಲ್ಲಿ ಒಬ್ಬರೇ ಇರ್ತಾರೆ, ಪಕ್ಕದ ಸೀಟಲ್ಲಿ ಒಂದು ಬ್ಯಾಗು, ಹಿಂದಿನ ಸೀಟು ಖಾಲಿ, ಮುಖದಲ್ಲಿ ಮಾತ್ರ "ಇಷ್ಟೊಂದು ಜನ ಯಾಕ್ರೀ ರೋಡಿಗೆ ಬಂದಿದಾರೆ" ಅನ್ನೋ ಸಿಟ್ಟು. ನಂದೂ ಅದೇ ಮುಖ ಆಗಿತ್ತು ಅನ್ನಿ. ಆಮೇಲೆ ಕೆಲವು ವರ್ಷ ಕಾರ್‌ಪೂಲ್ ಮಾಡಿದೆ, ಅಂದ್ರೆ ಒಂದೇ ಕಡೆ ಹೋಗೋರೆಲ್ಲ ಸೇರಿ ಒಂದೇ ಕಾರಲ್ಲಿ ಹೋಗೋದು, ಅದು ಒಂದ್ಸಲ ಮುರಿದು ಬಿತ್ತು, ಮತ್ತೆ ಬೇರೆ ಥರ ಕಟ್ಕೊಂಡ್ವಿ, ನಡುವೆ ಬಸ್ಸಲ್ಲೂ ಓಡಾಡಿದೆ. ಯಾರಾದ್ರೂ "ಪೂಲ್ ಮಾಡ್ಲಾ ಬೇಡ್ವಾ" ಅಂತ ಕೇಳಿದಾಗೆಲ್ಲ ಅದೇ ಪುರಾಣ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದಿಡ್ತಿದೀನಿ.

ಎಲ್ಲರೂ ಮೊದಲು ಪೆಟ್ರೋಲ್ ಲೆಕ್ಕ ಹಾಕ್ತಾರೆ, ನಾನೂ ಹಾಗೇ ಶುರು ಮಾಡಿದ್ದು. ಆದ್ರೆ ಪೂಲ್ ಅನ್ನೋದು ನಿಲ್ಲೋದಾಗ್ಲಿ ಮುರಿಯೋದಾಗ್ಲಿ ಪೆಟ್ರೋಲ್‌ನಿಂದಲ್ಲ, ಗಡಿಯಾರದಿಂದ. ಅದರಲ್ಲೂ ಸಂಜೆ ಗಡಿಯಾರದಿಂದ.

ರೋಡು ಯಾಕೆ ಕಟ್ಕೊಳ್ಳುತ್ತೆ

ಇದು ಗೊತ್ತಿದ್ರೆ ಯಾವ ಆಯ್ಕೆ ಎಷ್ಟು ಉಪಯೋಗ ಅಂತ ಅಳೆಯೋಕೆ ಸುಲಭ, ಅದಕ್ಕೆ ಚುಟುಕಾಗಿ ಹೇಳ್ತೀನಿ. ಸಿಗ್ನಲ್ಲೇ ಇಲ್ಲದ ಒಳ್ಳೆ ಹೆದ್ದಾರಿಯ ಒಂದು ಲೇನಲ್ಲಿ ಗಂಟೆಗೆ ಸುಮಾರು 2000 ಗಾಡಿ ಹೋಗಬಹುದು, ಹೆಚ್ಚುಕಮ್ಮಿ ಅಷ್ಟೇ ಅದರ ತಾಕತ್ತು. ನಡುವೆ ಸಿಗ್ನಲ್ ಬಂತು ಅಂದ್ರೆ ಅದೂ ಅರ್ಧಕ್ಕೆ ಇಳಿಯುತ್ತೆ, ಯಾಕಂದ್ರೆ ಅರ್ಧ ಹೊತ್ತು ಕೆಂಪು ದೀಪ ತಾನೇ. ರೋಡು ಗಾಡಿ ಎಣಿಸುತ್ತೆ, ಒಳಗೆ ಎಷ್ಟು ಜನ ಕೂತಿದಾರೆ ಅಂತ ಅದಕ್ಕೇನು ಗೊತ್ತು. ಕಾರಿಗೊಬ್ಬರಂತೆ ಹೋದ್ರೆ ಆ ಲೇನಲ್ಲಿ ಗಂಟೆಗೆ 2000 ಜನ, ಮೂವರಂತೆ ಹೋದ್ರೆ 6000 ಜನ, ಅದೇ ಟಾರು ಅದೇ ಜಲ್ಲಿ.

ಇನ್ನೊಂದು ವಿಚಿತ್ರ ಏನಂದ್ರೆ ಗಾಡಿ ಹೆಚ್ಚಾದ ಹಾಗೆ ತಡ ಅದೇ ಲೆಕ್ಕದಲ್ಲಿ ಹೆಚ್ಚಾಗಲ್ಲ, ಕೊನೆಕೊನೆಗೆ ಒಮ್ಮೆಲೇ ಏರಿಬಿಡುತ್ತೆ. ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟ ಒಂದು ಸೂತ್ರನ ರೋಡ್ ಇಂಜಿನಿಯರ್‌ಗಳು ಇವತ್ತಿಗೂ ಬಳಸ್ತಾರೆ. ಅದರ ಪ್ರಕಾರ ರೋಡು ತನ್ನ ಪೂರ್ತಿ ತಾಕತ್ತಿನಷ್ಟು ತುಂಬಿದ್ರೂ ಖಾಲಿ ರೋಡಿಗಿಂತ 15% ಜಾಸ್ತಿ ಹೊತ್ತು ಹಿಡಿಯುತ್ತೆ ಅಷ್ಟೇ, ಆದ್ರೆ ತಾಕತ್ತಿನ ಒಂದೂವರೆ ಪಟ್ಟು ಬಂದು ಬಿದ್ರೆ ಅದು 75% ದಾಟುತ್ತೆ. ಸ್ಕೂಲಿಗೆ ರಜಾ ಬಿಟ್ಟಾಗ ರೋಡಲ್ಲಿ ಗಾಡಿ ಏನು ಅರ್ಧಕ್ಕರ್ಧ ಕಮ್ಮಿ ಆಗಿರುತ್ತಾ, ಇಲ್ಲ, ಸ್ವಲ್ಪ ಕಮ್ಮಿ ಆಗಿರುತ್ತೆ, ಆದ್ರೂ ಆಫೀಸಿಗೆ ಹಾರ್ಕೊಂಡು ಹೋಗ್ತೀವಲ್ಲ, ಅದು ಇದೇ.

ಮತ್ತೆ "ಯಾರೋ ಒಬ್ಬ ಮುಂದೆ ಅಡ್ಡ ನಿಲ್ಸಿರ್ತಾನೆ ಕಣ್ರೀ" ಅಂತ ಬಯ್ಯೋರಿಗೆ ಒಂದು ವಿಷಯ. 2008ರಲ್ಲಿ ಜಪಾನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ರು, 230 ಮೀಟರ್ ಸುತ್ತಳತೆಯ ಗುಂಡನೆ ಟ್ರ್ಯಾಕಲ್ಲಿ 22 ಕಾರು ಬಿಟ್ಟು, ಎಲ್ಲರೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುಮ್ನೆ ಸುತ್ತುತಾ ಇರಿ ಅಂದ್ರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರೋ ದನ ಇಲ್ಲ. ಆದ್ರೂ ಸ್ವಲ್ಪ ಹೊತ್ತಿಗೇ ಒಬ್ಬರು ಸ್ವಲ್ಪ ಬ್ರೇಕ್ ಒತ್ತಿದ್ದಕ್ಕೆ ಹಿಂದಿನೋರು ಇನ್ನಷ್ಟು ಒತ್ತಿ, ಅವರ ಹಿಂದಿನೋರು ಪೂರ್ತಿ ನಿಂತು, ಜಾಮ್ ತಾನಾಗೇ ಹುಟ್ಟಿ ಹಿಂದಕ್ಕೆ ಅಲೆ ಥರ ಸರೀತಾ ಹೋಯ್ತು. ತಪ್ಪಿತಸ್ಥ ಅಂತ ಯಾರನ್ನೂ ತೋರಿಸೋ ಹಾಗಿಲ್ಲ. ಗಾಡಿಗಳ ನಡುವೆ ಜಾಗ ಕಮ್ಮಿ ಆಯ್ತು, ಅಷ್ಟೇ ಕಾರಣ.

ಸರಿ, ಈಗ ಆಯ್ಕೆಗಳಿಗೆ ಬರೋಣ.

ಒಬ್ಬರೇ ಓಡಿಸ್ಕೊಂಡು ಹೋಗೋದು

ಇದನ್ನ ಪಾಪ ಅನ್ನೋ ಥರ ಮಾತಾಡೋರು ಇದಾರೆ, ನಾನು ಆ ಗುಂಪಲ್ಲಿಲ್ಲ. ದಿನಾ ಬೇರೆ ಬೇರೆ ಹೊತ್ತಿಗೆ ಕೆಲಸ ಮುಗಿಯೋರು, ಮಧ್ಯಾಹ್ನ ಸೈಟಿಗೋ ಕ್ಲೈಂಟ್ ಹತ್ರಾನೋ ಓಡಬೇಕಾದೋರು, ದಾರೀಲಿ ಮಗುನ ಸ್ಕೂಲಿಂದ ಎತ್ಕೊಂಡು ಹೋಗೋರು, ಮನೇಲಿ ಹುಷಾರಿಲ್ಲದ ಹಿರಿಯರು ಇದ್ದು ಯಾವಾಗ ಫೋನ್ ಬರುತ್ತೋ ಅನ್ನೋ ಪರಿಸ್ಥಿತಿ ಇರೋರು, ಇವರೆಲ್ಲ ಒಬ್ಬರೇ ಹೋಗೋದೇ ಸರಿ, ಪೂಲಿಗೆ ಸೇರಿದ್ರೆ ತಾವೂ ನರಳಿ ಬೇರೆಯೋರನ್ನೂ ನರಳಿಸ್ತಾರೆ.

ಖರ್ಚಿನ ಲೆಕ್ಕ ಲೀಟರ್‌ನಲ್ಲೇ ಹಾಕ್ತೀನಿ, ರೇಟು ನೀವೇ ಗುಣಿಸ್ಕೊಳ್ಳಿ. ಒಂದು ಕಡೆಗೆ 22 ಕಿಲೋಮೀಟರ್, ಹೋಗಿ ಬರೋಕೆ 44. ಟ್ರಾಫಿಕ್‌ನಲ್ಲಿ ಕಾರು ಲೀಟರಿಗೆ 14 ಕೊಡ್ತು ಅಂದ್ಕೊಂಡ್ರೆ ದಿನಕ್ಕೆ 3 ಲೀಟರ್ ಚಿಲ್ರೆ, ತಿಂಗಳಿಗೆ 22 ದಿನ ಆಫೀಸು ಅಂದ್ರೆ ಸುಮಾರು 69 ಲೀಟರ್. ಇಂಜಿನ್ ಆನ್ ಇಟ್ಕೊಂಡು ಸುಮ್ನೆ ನಿಂತ ಕಾರು ಕೂಡ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತೆ, ಹಾಗಾಗಿ ನಿಮ್ಮ ರೋಡು ತೀರಾ ಕೆಟ್ಟದಾಗಿದ್ರೆ 14 ಅನ್ನೋದನ್ನ 11 ಅಂತ ಇಟ್ಕೊಂಡು ನೋಡಿ. ಟೈರು, ಸರ್ವೀಸು, ಕ್ಲಚ್ಚು ಇವನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಮೊದಲ ಗೇರಲ್ಲಿ ಅರ್ಧ ಕ್ಲಚ್ ಹಿಡ್ಕೊಂಡು ವರ್ಷಗಟ್ಟಲೆ ತೆವಳಿದ ಕಾರಿನ ಕ್ಲಚ್ ಪ್ಲೇಟ್ ಬದಲಾಯಿಸೋ ದಿನ ಮಾತ್ರ ಕಣ್ಣಲ್ಲಿ ನೀರು ಬರುತ್ತೆ.

ಗೊತ್ತಿರೋರ ಜೊತೆ ಖಾಯಂ ಪೂಲ್

ಇದರ ಬಗ್ಗೆ ಜಾಸ್ತಿ ಬರೀತೀನಿ, ಏಟು ತಿಂದಿದ್ದು ಇಲ್ಲೇ ತಾನೇ.

ನಾವು ಶುರು ಮಾಡಿದಾಗ ನಾಲ್ಕು ಜನ. ಒಂದೇ ಆಫೀಸು, ಮನೆಗಳು ಹತ್ತಿರ ಹತ್ತಿರ, ಎಲ್ಲರೂ ಒಳ್ಳೆಯವರೇ. ಕಾರು ನಂದು. ಮೊದಲ ವಾರ ಹಬ್ಬದ ಥರ ಇತ್ತು. ಎರಡನೇ ತಿಂಗಳಿಗೆ ಹೀಗಾಯ್ತು ನೋಡಿ: ನಾನು 7:50ಕ್ಕೆ ಮೂರನೆಯವರ ಗೇಟ್ ಮುಂದೆ, ಇಂಡಿಕೇಟರ್ ಎರಡೂ ಕಡೆ ಮಿಣಮಿಣ ಅಂತಿದೆ, ಹಿಂದೆ ಒಂದು ಗಾಡಿ ಹಾರ್ನ್ ಹೊಡೀತಿದೆ, ವಾಟ್ಸಾಪಲ್ಲಿ "ಸರ್ ಎರಡೇ ನಿಮಿಷ" ಅಂತ ಮೆಸೇಜು. ಮುಂದಿನ ಸೀಟಲ್ಲಿದ್ದ ಮೇಡಂ ಏನೂ ಮಾತಾಡದೆ ಫೋನ್ ನೋಡ್ತಾ ಕೂತಿದಾರೆ, ಅವರು ಮಾತಾಡ್ತಿಲ್ಲ ಅನ್ನೋದೇ ನಂಗೆ ಕೇಳಿಸ್ತಿದೆ. 7:53, 7:57. 8:01ಕ್ಕೆ ಆಯಪ್ಪ ಒದ್ದೆ ತಲೆ ಒರೆಸ್ಕೊಂಡು, ಒಂದು ಕೈಯಲ್ಲಿ ಷೂ ಹಿಡ್ಕೊಂಡು ಓಡಿ ಬಂದ್ರು, "ಸಾರಿ ಸರ್, ನೀರು ಬರ್ತಿರ್ಲಿಲ್ಲ" ಅಂದ್ರು. ಏನಂತ ಬಯ್ತೀರಾ? ಮುಲಾಜು. ಎಂಟು ಗಂಟೆಗೆ ಮುಂಚೆ ದಾಟಬೇಕಿದ್ದ ಜಂಕ್ಷನ್‌ನ ಎಂಟೂಕಾಲಿಗೆ ಮುಟ್ಟಿದ್ವಿ, ಗೇಟಲ್ಲಿ ಹೋದ 11 ನಿಮಿಷ ಅಲ್ಲಿ 25 ನಿಮಿಷ ಆಯ್ತು.

ಆವತ್ತು ರಾತ್ರಿ ಕೂತು ಒಂದು ಲೆಕ್ಕ ಹಾಕಿದೆ. ಪ್ರತಿಯೊಬ್ಬರೂ ಹತ್ತು ದಿನದಲ್ಲಿ ಒಂಬತ್ತು ದಿನ ಸರಿಯಾದ ಟೈಮಿಗೆ ಬರೋರೇ ಅಂದ್ಕೊಳ್ಳಿ, ಇದಕ್ಕಿಂತ ಶಿಸ್ತಿನ ಜನ ಸಿಗೋದು ಕಷ್ಟ. ಆದ್ರೆ ಕಾರು ಟೈಮಿಗೆ ಹೊರಡಬೇಕು ಅಂದ್ರೆ ನಾಲ್ಕೂ ಜನ ಒಂದೇ ದಿನ ಸರಿಯಾಗಿರಬೇಕಲ್ಲ. 0.9ನ್ನ ನಾಲ್ಕು ಸಲ ಗುಣಿಸಿದ್ರೆ 0.66 ಬರುತ್ತೆ. ಅಂದ್ರೆ ಮೂರು ದಿನಕ್ಕೊಂದು ದಿನ ಲೇಟು, ಯಾರೂ ಕೆಟ್ಟೋರಲ್ಲದೇನೇ! ಮೂವರಾದ್ರೆ 0.73. ಇಬ್ಬರೇ ಆದ್ರೆ 0.81, ಐದು ದಿನಕ್ಕೊಂದು ದಿನ.

ಈಗ ಇದರ ಪಕ್ಕದಲ್ಲಿ ಪೆಟ್ರೋಲ್ ಲೆಕ್ಕ ಇಡಿ. ಒಬ್ಬರೇ ಆದ್ರೆ ತಿಂಗಳಿಗೆ 69 ಲೀಟರ್. ಇಬ್ಬರಾದ್ರೆ ತಲೆಗೆ 34.5, ಉಳಿತಾಯ 34.5. ಮೂರನೆಯವರು ಬಂದ್ರೆ ತಲೆಗೆ 23, ಅಂದ್ರೆ ಅವರಿಂದ ನಿಮಗೆ ಹೊಸದಾಗಿ ಉಳಿದಿದ್ದು 11.5 ಲೀಟರ್. ನಾಲ್ಕನೆಯವರು ಬಂದ್ರೆ 17 ಚಿಲ್ರೆ, ಹೊಸದಾಗಿ ಉಳಿದಿದ್ದು 6 ಲೀಟರ್ ಕೂಡ ಇಲ್ಲ. ಹಾಗಾಗಿ ನನ್ನ ಪ್ರಕಾರ ಎರಡನೆಯವರು ಬಂಗಾರ, ಮೂರನೆಯವರು ಓಕೆ, ನಾಲ್ಕನೆಯವರನ್ನ ತೀರಾ ಒಂದೇ ಗೇಟಿಂದ ಹತ್ತೋರಾದ್ರೆ ಮಾತ್ರ ಸೇರಿಸ್ಕೊಳ್ಳಿ. "ಸೀಟ್ ಖಾಲಿ ಇದೆಯಲ್ಲ, ಹತ್ತಿಸ್ಕೊಂಡ್ರೆ ಏನು ಗಂಟು ಹೋಗುತ್ತೆ" ಅನ್ನೋ ಮಾತು ಕೇಳೋಕೆ ಚೆನ್ನಾಗಿರುತ್ತೆ, ಗಂಟು ಹೋಗಲ್ಲ ನಿಜ, ಗಂಟೆ ಹೋಗುತ್ತೆ.

ದೂರ ಎಷ್ಟು ಅನ್ನೋದೂ ಇದಕ್ಕೆ ಸೇರ್ಕೊಳ್ಳುತ್ತೆ. ಇಬ್ಬರನ್ನ ಅವರವರ ಮನೆ ಹತ್ರಾನೇ ಹತ್ತಿಸ್ಕೊಳ್ಳೋಕೆ ತಲಾ 4 ನಿಮಿಷ ಸುತ್ತು, ತಲಾ 3 ನಿಮಿಷ ಕಾಯೋದು ಅಂದ್ರೆ ಒಟ್ಟು 14 ನಿಮಿಷ. ನಿಮ್ಮ ಪ್ರಯಾಣ ಒಂದು ಗಂಟೆದಾದ್ರೆ ಇದು ಗೊತ್ತೇ ಆಗಲ್ಲ. 20 ನಿಮಿಷದ ದಾರಿ ಆದ್ರೆ? ಆ ದಾರಿಯ ಹೆಚ್ಚುಕಮ್ಮಿ ಮುಕ್ಕಾಲು ಪಾಲಿನಷ್ಟು ಹೊತ್ತು ಬರೀ ಹತ್ತಿಸ್ಕೊಳ್ಳೋದಕ್ಕೇ ಜಾಸ್ತಿ ಹೋಯ್ತು. ಅರ್ಧ ಗಂಟೆಗಿಂತ ಕಮ್ಮಿ ದಾರಿ ಇರೋರಿಗೆ ಮನೆ ಬಾಗಿಲ ಪೂಲ್ ಬೇಡವೇ ಬೇಡ ಅಂತೀನಿ.

ನಾವು ಎರಡನೇ ಸಲ ಕಟ್ಟಿದಾಗ ಮಾಡಿದ ದೊಡ್ಡ ಬದಲಾವಣೆ ಇದೇನೇ, ಯಾರ ಮನೆ ಮುಂದೆಯೂ ನಿಲ್ಲಲ್ಲ, ಮೇನ್ ರೋಡಲ್ಲಿ ಒಂದು ಜಾಗ, ಎಲ್ಲರೂ ಅಲ್ಲಿಗೆ ನಡ್ಕೊಂಡು ಬರೋದು, 7:45 ಟೈಮು, 7:48ಕ್ಕೆ ಕಾರು ಹೊರಡುತ್ತೆ, ಫೋನ್ ಮಾಡಲ್ಲ, ಬೇಜಾರೂ ಮಾಡ್ಕೊಳ್ಳಲ್ಲ. ಮೊದಲ ಸಲ ಒಬ್ಬರನ್ನ ಬಿಟ್ಟು ಹೊರಟಾಗ ಎದೆ ಡವಡವ ಅಂತಿತ್ತು, ಕನ್ನಡೀಲಿ ಅವರು ದೂರದಿಂದ ಕೈ ಬೀಸ್ತಾ ಬರೋದು ಕಾಣಿಸ್ತು ಬೇರೆ. ನಿಲ್ಲಿಸಿಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಎರಡನೇ ಸಲ ನಿಲ್ಲಿಸ್ಲಿಲ್ಲ. ಆಮೇಲೆ ಒಂದು ತಿಂಗಳು ಯಾರೂ ಲೇಟಾಗ್ಲಿಲ್ಲ.

ದುಡ್ಡಿನ ವಿಷಯ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಪೂಲಲ್ಲಿ ಕಾರಿನ ಮಾಲೀಕ ಕೋಡಂಗಿ ಆಗೋದು ಬಲು ಬೇಗ, ತಿಂಗಳ ಕೊನೆಗೆ ಕೇಳೋಕೆ ಅವನಿಗೆ ಸಂಕೋಚ, ಕೊಡೋಕೆ ಇವರಿಗೆ ಮರೆವು. ಎಲ್ಲರ ಹತ್ರಾನೂ ಕಾರಿದ್ರೆ ವಾರಕ್ಕೊಬ್ಬರ ಕಾರು ಅಂತ ಸರದಿ ಮಾಡಿ, ದುಡ್ಡಿನ ಮಾತೇ ಬೇಡ. ಒಬ್ಬರದೇ ಕಾರಾದ್ರೆ ತಿಂಗಳ ಮೊದಲೇ ಒಂದು ಮೊತ್ತ ನಿಗದಿ ಮಾಡಿ ಮುಂಗಡ ತಗೊಳ್ಳಿ, ಬಂದ ದಿನ ಬರದ ದಿನ ಅಂತ ಎಣಿಸೋಕೆ ಹೋದ್ರೆ ನೆಂಟಸ್ತನ ಕೆಡುತ್ತೆ. ಮೊತ್ತ ಖರ್ಚು ಹಂಚಿಕೊಳ್ಳೋ ಮಟ್ಟಕ್ಕಷ್ಟೇ ಇರಲಿ. ಲಾಭ ಬರೋ ಹಾಗೆ ಇಸ್ಕೊಂಡ್ರೆ ಬಹಳ ಕಡೆ ಕಾನೂನಿನ ಕಣ್ಣಲ್ಲಿ ನೀವು ಟ್ಯಾಕ್ಸಿ ಓಡಿಸಿದ ಹಾಗೆ ಆಗುತ್ತೆ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನೋರು ಅದನ್ನೇ ಹಿಡ್ಕೊಂಡು ಜಗ್ಗಬಹುದು. ಪಾಲಿಸಿ ಪೇಪರ್ ಒಂದ್ಸಲ ತೆಗೆದು ಓದಿ, ನಿದ್ದೆ ಬರುತ್ತೆ ಗೊತ್ತು, ಆದ್ರೂ ಓದಿ.

ಇನ್ನು ಸಂಜೆ. ಬೆಳಿಗ್ಗೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಡ್ತಾರೆ, ಸಂಜೆ ಎತ್ತು ಏರಿಗೆ ಕೋಣ ನೀರಿಗೆ. ನಂಗೆ 5:40ಕ್ಕೆ "ಒಂದ್ನಿಮಿಷ ಬರ್ತೀರಾ" ಅಂತ ಮೇಲಿನವರ ಕರೆ, ಅತ್ತ ಮೇಡಂ ಪಾರ್ಕಿಂಗಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿರ್ತಾರೆ, ಅವರ ಮಗು ಡೇಕೇರಲ್ಲಿ ಕಾಯ್ತಿರುತ್ತೆ. ನಮ್ಮ ಮೊದಲ ಪೂಲ್ ಮುರಿದಿದ್ದು ಜಗಳ ಆಗಿ ಅಲ್ಲ, ಇಂಥ ಒಂದು ಹತ್ತು ಸಂಜೆ ಆದ್ಮೇಲೆ ಒಬ್ಬೊಬ್ಬರೇ "ನಾಳೆ ನಂದು ಬೇರೆ ಕೆಲಸ ಇದೆ" ಅಂತ ಜಾರಿಕೊಂಡ್ರು. ಆಮೇಲೆ ನಾವು ಕಂಡ್ಕೊಂಡ ಉಪಾಯ, ಬೆಳಿಗ್ಗೆ ಮಾತ್ರ ಪೂಲು, ಸಂಜೆ ಇದ್ದೋರು ಇದ್ದ ಹಾಗೆ. 5:45ಕ್ಕೆ ಹೊರಡೋರು ಗ್ರೂಪಲ್ಲಿ ಹಾಕ್ತಾರೆ, ಸೇರೋರು ಸೇರ್ತಾರೆ, ಉಳಿದೋರು ಬಸ್ಸೋ ಕ್ಯಾಬೋ ನೋಡ್ಕೊಳ್ತಾರೆ. ಕೆಲವು ದೇಶಗಳಲ್ಲಿ ಪೂಲ್ ಮಾಡೋ ನೌಕರರಿಗೆ ತುರ್ತು ಇದ್ದ ದಿನ ಮನೆಗೆ ಕಳಿಸೋ ಖರ್ಚನ್ನ ಕಂಪನಿಯೋ ಸಾರಿಗೆ ಇಲಾಖೆಯೋ ಭರಿಸೋ ವ್ಯವಸ್ಥೆ ಇದೆ, ನಿಮ್ಮ ಆಫೀಸಲ್ಲಿ ಕೇಳಿ ನೋಡಿ. "ಸಿಕ್ಕಿಹಾಕ್ಕೊಳ್ಳಲ್ಲ" ಅನ್ನೋ ಧೈರ್ಯ ಇದ್ರೆ ಮಾತ್ರ ಜನ ಕಾರು ಮನೇಲಿ ಬಿಟ್ಟು ಬರ್ತಾರೆ.

ಗೊತ್ತಿಲ್ಲದೋರ ಜೊತೆ, ಆಪಲ್ಲೋ ಕ್ಯೂನಲ್ಲೋ

ಆಪ್ ಪೂಲ್ ಚೆನ್ನಾಗಿರೋದೂ ಕೆಟ್ಟದಾಗಿರೋದೂ ಒಂದೇ ವಿಷಯದ ಮೇಲೆ ನಿಂತಿದೆ, ನಿಮ್ಮ ದಾರೀಲಿ ಅದನ್ನ ಬಳಸೋರು ಎಷ್ಟು ಜನ ಅಂತ. ಜನ ದಟ್ಟವಾಗಿದ್ರೆ ಎರಡು ನಿಮಿಷಕ್ಕೆ ಜೋಡಿ ಸಿಗುತ್ತೆ. ಇಲ್ಲಾಂದ್ರೆ ಮೂರು ಕಿಲೋಮೀಟರ್ ಆಚೆ ಇರೋ ಯಾರನ್ನೋ ತೋರಿಸುತ್ತೆ, ಅವರ ಹತ್ರ ಹೋಗೋಕೇ ಇನ್ನೊಂದು ಗಾಡಿ ಬೇಕು. ಫ್ರಾನ್ಸಲ್ಲಿ 2006ರಲ್ಲಿ ಶುರುವಾದ ಬ್ಲಾಬ್ಲಾಕಾರ್ ಅನ್ನೋ ಪೂಲ್ ಸೇವೆ ಹೆಸರು ಮಾಡಿದ್ದು ಊರಿಂದೂರಿಗೆ ಹೋಗೋ ಪ್ರಯಾಣದಲ್ಲಿ, ದಿನದ ಆಫೀಸ್ ಓಡಾಟದಲ್ಲಲ್ಲ. ಯಾಕೆ ಅಂತ ಮೇಲಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ, ನಾಲ್ಕು ಗಂಟೆ ದಾರೀಲಿ 15 ನಿಮಿಷ ಕಾಯೋದು ಯಾವ ಲೆಕ್ಕ. ಅಂದಹಾಗೆ ಆ ಹೆಸರು ಬಂದಿದ್ದು, ನೀವು ಎಷ್ಟು ಹರಟೆ ಹೊಡೀತೀರಿ ಅಂತ ಬ್ಲಾ, ಬ್ಲಾಬ್ಲಾ, ಬ್ಲಾಬ್ಲಾಬ್ಲಾ ಅಂತ ಮೊದಲೇ ಹೇಳ್ಕೋಬೇಕಿತ್ತಲ್ಲ, ಅದರಿಂದ. ನಮ್ಮ ಪೂಲಲ್ಲೂ ಇದು ಇದ್ದಿದ್ರೆ ಬೆಳಿಗ್ಗೆ ಎಂಟು ಗಂಟೆಗೆ ರಾಜಕೀಯ ಕೇಳೋದು ತಪ್ಪುತಿತ್ತು.

ಆಪೂ ಇಲ್ಲ, ಗುರುತೂ ಇಲ್ಲ, ಆದ್ರೂ ದಶಕಗಟ್ಟಲೆ ನಡೆದ ಒಂದು ಪದ್ಧತಿ ಇದೆ, ಅಮೆರಿಕದ ವಾಷಿಂಗ್ಟನ್ ಡಿಸಿಗೆ ಉತ್ತರ ವರ್ಜೀನಿಯಾ ಕಡೆಯಿಂದ ಬರೋರದ್ದು. ಅದಕ್ಕೆ ಸ್ಲಗಿಂಗ್ ಅಂತಾರೆ. 1970ರ ದಶಕದಲ್ಲಿ ಅಲ್ಲಿ ಹೆದ್ದಾರಿಯ ಕೆಲವು ಲೇನು ಹೆಚ್ಚು ಜನ ಇರೋ ಕಾರಿಗೆ ಮಾತ್ರ ಅಂತ ಮಾಡಿದಾಗ, ತಲೆ ಎಣಿಕೆ ಸಾಲದ ಡ್ರೈವರ್‌ಗಳು ಬಸ್ ಸ್ಟಾಪಲ್ಲಿ ನಿಂತೋರನ್ನ ಹತ್ತಿಸ್ಕೊಳ್ಳೋಕೆ ಶುರು ಮಾಡಿದ್ರು. ದುಡ್ಡು ಕೊಡೋ ಹಾಗಿಲ್ಲ ತಗೊಳ್ಳೋ ಹಾಗಿಲ್ಲ, ಕ್ಯೂನಲ್ಲಿ ಮೊದಲು ನಿಂತೋರು ಮೊದಲು, ರೇಡಿಯೋ ಡ್ರೈವರ್ ಇಷ್ಟ, ಡ್ರೈವರ್ ಮಾತಾಡಿಸದಿದ್ರೆ ಹತ್ತಿದೋರು ಮಾತಾಡಲ್ಲ, ಮತ್ತೆ ಕ್ಯೂನಲ್ಲಿ ಒಬ್ಬಂಟಿ ಹೆಂಗಸನ್ನ ಬಿಟ್ಟು ಹೋಗಬಾರದು. ಇವೆಲ್ಲ ಯಾರೂ ಕೂತು ಕಾನೂನು ಮಾಡಿದ್ದಲ್ಲ, ತಾನಾಗೇ ಬೆಳೆದಿದ್ದು. ಗಮನಿಸಿ, ಇಲ್ಲಿ ಯಾರೂ ಯಾರಿಗೋಸ್ಕರಾನೂ ಕಾಯ್ತಿಲ್ಲ. ಒಬ್ಬರು ಲೇಟಾದ್ರೆ ಕ್ಯೂನಲ್ಲಿ ಹಿಂದೆ ನಿಂತ್ಕೋತಾರೆ, ಮುಂದಿನ ಕಾರು ಹತ್ತುತಾರೆ, ಅಷ್ಟೇ. ನಾಲ್ಕು ಜನ ಒಂದೇ ನಿಮಿಷಕ್ಕೆ ರೆಡಿ ಆಗಬೇಕು ಅನ್ನೋ ಕಾಟಾನೇ ಇಲ್ಲ.

ಅಪರಿಚಿತರ ಜೊತೆ ಹೋಗೋ ಹೆಣ್ಣುಮಕ್ಕಳಿಗೆ, ಗಂಡಸರಿಗೂ ಕೂಡ, ಇಷ್ಟು ಹೇಳ್ತೀನಿ: ಆಫೀಸ್ ಐಡಿ ಅಥವಾ ಕಂಪನಿ ಇಮೇಲಿಂದ ಗುರುತು ಖಚಿತ ಮಾಡೋ ಗುಂಪುಗಳಲ್ಲಿ ಮಾತ್ರ ಸೇರಿ, ಹತ್ತೋಕೆ ಮುಂಚೆ ನಂಬರ್ ಪ್ಲೇಟ್ ಹೊಂದಿಸಿ ನೋಡಿ, ಲೈವ್ ಲೊಕೇಶನ್ ಮನೆಯೋರಿಗೆ ಕಳಿಸಿ, ಹತ್ತೋ ಇಳಿಯೋ ಜಾಗ ಮನೆ ಬಾಗಿಲು ಆಗೋದು ಬೇಡ. ಮನಸ್ಸಿಗೆ ಸರಿ ಅನ್ನಿಸ್ಲಿಲ್ವಾ, ಹತ್ತಬೇಡಿ, ಕಾರಣ ಕೊಡೋ ಅಗತ್ಯ ಇಲ್ಲ.

ಬಸ್ಸು, ರೈಲು, ಆಫೀಸ್ ವ್ಯಾನು

ಬಸ್ಸಿಗೆ ಕೇಳಬೇಕಾದ ಪ್ರಶ್ನೆ ಒಂದೇ, ಎಷ್ಟು ನಿಮಿಷಕ್ಕೊಂದು? 10 ನಿಮಿಷಕ್ಕೊಂದು ಬರೋ ಹಾಗಿದ್ರೆ ಟೈಂಟೇಬಲ್ ನೋಡೋದೇ ಬೇಡ, ಸರಾಸರಿ 5 ನಿಮಿಷ ಕಾಯ್ತೀರಿ, ಇದು ಯಾವ ಪೂಲಿಗಿಂತಲೂ ಒಳ್ಳೆಯದು, ಯಾಕಂದ್ರೆ ಬಸ್ಸು ಯಾರಿಗೋಸ್ಕರಾನೂ ತಲೆ ಒರೆಸ್ಕೊಂಡು ಬರೋವರೆಗೆ ನಿಲ್ಲಲ್ಲ. ಅರ್ಧ ಗಂಟೆಗೊಂದು ಆದ್ರೆ ಒಂದು ತಪ್ಪಿದ್ರೆ ದಿನ ಕೆಟ್ಟಂಗೆ, ಆಗ ಪೂಲೇ ವಾಸಿ. ಬಸ್ಸಿಗೆ ಬೇರೆ ಲೇನ್ ಇಲ್ಲದಿದ್ರೆ ಅದೂ ನಿಮ್ಮ ಕಾರು ನಿಂತಿದ್ದ ಜಾಮಲ್ಲೇ ನಿಲ್ಲುತ್ತೆ, ಅದರ ಮೇಲೆ ಸ್ಟಾಪುಗಳು ಬೇರೆ, ಆದ್ರೆ ಸ್ಟೀರಿಂಗ್ ನಿಮ್ಮ ಕೈಲಿರಲ್ಲ, ಒಂದು ಗಂಟೆ ಓದಬಹುದು, ತೂಕಡಿಸಬಹುದು. ನಾನು ಬಸ್ಸಲ್ಲಿ ಓಡಾಡಿದ ತಿಂಗಳುಗಳಲ್ಲಿ ಹೊತ್ತು ಜಾಸ್ತಿ ಹಿಡೀತಿತ್ತು, ಆದ್ರೆ ಆಫೀಸ್ ಮುಟ್ಟೋ ಹೊತ್ತಿಗೆ ಆಗ್ಲೇ ಸುಸ್ತಾಗಿರೋದು ಅಂತ ಇರ್ತಿತ್ತಲ್ಲ, ಅದು ಇರ್ಲಿಲ್ಲ. ರೈಲು, ಮೆಟ್ರೋ ಇದ್ದು ಎರಡೂ ತುದೀಲಿ ನಡೆಯೋ ದೂರ ಆಗಿದ್ರೆ ಯೋಚನೆ ಮಾಡೋದೇನಿದೆ, ಹೋಗಿ. ಒಂದು ತುದೀಲಿ ಎರಡು ಮೂರು ಕಿಲೋಮೀಟರ್ ಉಳಿದ್ರೆ ಸೈಕಲ್ಲೋ, ಸ್ಟೇಷನ್‌ವರೆಗೆ ಮಾತ್ರ ಪೂಲೋ ಮಾಡ್ಕೊಳ್ಳಿ, ಹಾಗೆ ಪೂಲ್ ಮಾಡೋದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ, ಆದ್ರೆ ಚೆನ್ನಾಗಿ ನಡೆಯುತ್ತೆ.

ಆಫೀಸ್ ವ್ಯಾನ್ ಇದ್ರೆ ಅದೃಷ್ಟ. ಹತ್ತು ಹನ್ನೆರಡು ಜನ ಇದ್ರೂ ಓಡೋದು ಯಾಕಂದ್ರೆ ಡ್ರೈವರ್ ಯಾರ ಸ್ನೇಹಿತನೂ ಅಲ್ಲ, ಟೈಮಾದ್ರೆ ಹೊರಡ್ತಾನೆ.

ದ್ವಿಚಕ್ರ, ಮತ್ತೆ ಹೊರಡೋ ಹೊತ್ತು ಬದಲಾಯಿಸೋದು

ಬೈಕು ಸ್ಕೂಟರು ಜಾಮಲ್ಲಿ ಎಲ್ಲಕ್ಕಿಂತ ಬೇಗ, ಒಪ್ಪಿದೆ. ಆದ್ರೆ ಪೆಟ್ಟು ಬಿದ್ರೆ ನಡುವೆ ತಗಡಿಲ್ಲ, ಮೈಯೇ ತಗಡು. ಹತ್ತು ಕಿಲೋಮೀಟರ್ ಒಳಗೆ ಸರಿ, ಅದಕ್ಕಿಂತ ಮೇಲೆ ದಿನಾ ಬೆನ್ನು ಒಪ್ಪುತ್ತಾ ನೋಡ್ಕೊಳ್ಳಿ.

ಯಾರೂ ಆಯ್ಕೆ ಅಂತಲೇ ಪರಿಗಣಿಸದೇ ಇರೋದು ಹೊತ್ತು ಬದಲಾಯಿಸೋದು. ಮೇಲೆ ಹೇಳಿದ್ನಲ್ಲ, ತಡ ಕೊನೇಲಿ ಒಮ್ಮೆಲೇ ಏರುತ್ತೆ ಅಂತ, ಹಾಗಾಗಿ ಆ ಏರು ಬರೋಕೆ ಮುಂಚೆ ಅರ್ಧ ಗಂಟೆ ಮೊದಲೇ ದಾಟಿಬಿಟ್ರೆ ಒಬ್ಬರೇ ಕಾರಲ್ಲಿ ಹೋದ್ರೂ ಪೂಲಿಗಿಂತ ಹೆಚ್ಚು ಹೊತ್ತು ಉಳಿಯುತ್ತೆ. ಬೇಗ ಬಂದು ಬೇಗ ಹೋಗ್ತೀನಿ ಅಂದ್ರೆ ಒಪ್ಪೋ ಮೇಲಧಿಕಾರಿ ಬೇಕು ಅಷ್ಟೇ. ವಾರದಲ್ಲಿ ಒಂದು ದಿನ ಮನೆಯಿಂದ ಕೆಲಸ ಸಿಕ್ರೂ ಐದರಲ್ಲಿ ಒಂದು ಪಾಲು ಪೆಟ್ರೋಲು, ಐದರಲ್ಲಿ ಒಂದು ಪಾಲು ತಲೆನೋವು ಸೀದಾ ಉಳೀತು, ಯಾರ ಗೇಟಲ್ಲೂ ಕಾಯದೆ.

ಪೂಲ್ ಮಾಡಿದ್ರೆ ಟ್ರಾಫಿಕ್ ಕಮ್ಮಿ ಆಗುತ್ತಾ?

ನೀವೊಬ್ಬರು ಮಾಡಿದ್ರೆ ಇಲ್ಲ. ನೀವು ಬಿಟ್ಟ ಜಾಗಕ್ಕೆ ಇಷ್ಟು ದಿನ ಜಾಮಿಗೆ ಹೆದರಿ ಕಾರು ತೆಗೀದೇ ಇದ್ದೋರು ಬಂದು ಸೇರ್ಕೋತಾರೆ. ಎಲ್ಲರೂ ಮಾಡಬೇಕು ಅಂದ್ರೆ ಬರೀ ಬುದ್ಧಿಮಾತು ಸಾಲಲ್ಲ. ಅಮೆರಿಕದಲ್ಲಿ 1980ರಲ್ಲಿ ಕೆಲಸಕ್ಕೆ ಹೋಗೋರಲ್ಲಿ ಸುಮಾರು 20% ಜನ ಪೂಲ್ ಮಾಡ್ತಿದ್ರು, 1970ರ ದಶಕದ ತೈಲ ಬಿಕ್ಕಟ್ಟು ಆಗಷ್ಟೇ ಬಿಸಿ ಮುಟ್ಟಿಸಿತ್ತು. 2019ರ ಹೊತ್ತಿಗೆ ಅದು 9% ಆಸುಪಾಸಿಗೆ ಇಳಿದಿತ್ತು. ಪೆಟ್ರೋಲ್ ಅಗ್ಗ ಆಯ್ತು, ಮನೆಗೆರಡು ಕಾರು ಬಂತು, ಆಫೀಸುಗಳು ಊರ ತುಂಬಾ ಚದುರಿದ್ವು, ಇನ್ಯಾಕೆ ಬೇರೆಯೋರ ಗೇಟ್ ಮುಂದೆ ಕಾಯೋದು ಅಂತ ಜನ ಬಿಟ್ರು.

ಸಿಂಗಾಪುರ 1975ರಲ್ಲಿ ಊರ ನಡುವಿನ ಜಾಗಕ್ಕೆ ಬೆಳಿಗ್ಗೆ ಬರೋ ಕಾರುಗಳಿಗೆ ಶುಲ್ಕ ಹಾಕ್ತು, ನಾಲ್ಕು ಜನ ಇದ್ರೆ ಮಾಫಿ. ಜನ ದಾರೀಲಿ ಬಸ್ ಸ್ಟಾಪಲ್ಲಿ ನಿಂತೋರನ್ನ ಹತ್ತಿಸ್ಕೊಂಡು ತಲೆ ಲೆಕ್ಕ ಸರಿಮಾಡ್ಕೊಂಡ್ರು, 1989ರಲ್ಲಿ ಆ ಮಾಫಿಯನ್ನ ತೆಗೆದೇಬಿಟ್ರು. ಜಕಾರ್ತಾದ್ದು ಇನ್ನೂ ಮಜಾ. ಅಲ್ಲಿ 1992ರಿಂದ ಮುಖ್ಯ ರಸ್ತೆಗಳಲ್ಲಿ ಕಾರಿನೊಳಗೆ ಮೂರು ಜನ ಇರಲೇಬೇಕು ಅಂತ ನಿಯಮ ಇತ್ತು, ಸರಿ, ರೋಡ್ ಬದಿ ನಿಂತು ಬಾಡಿಗೆಗೆ ಪ್ರಯಾಣಿಕರಾಗೋ ಜಾಕಿಗಳು ಹುಟ್ಕೊಂಡ್ರು, ಕಂಕುಳಲ್ಲಿ ಕೂಸು ಇದ್ರೆ ಇಬ್ಬರ ಲೆಕ್ಕ. ಈ ನಾಟಕ ಸಾಕು ಅಂತ 2016ರ ಏಪ್ರಿಲಲ್ಲಿ ಸರ್ಕಾರ ನಿಯಮಾನೇ ಕೈಬಿಡ್ತು. ಹೇಗೂ ಸುಳ್ಳೇ ನಡೀತಿತ್ತು, ವ್ಯತ್ಯಾಸ ಏನಾಗುತ್ತೆ ಅಂದ್ಕೋಬೇಕು, ಅಲ್ವಾ? ಆ ರೋಡುಗಳ ತಡ ಬೆಳಿಗ್ಗೆ 46%, ಸಂಜೆ 87% ಜಾಸ್ತಿ ಆಯ್ತು ಅಂತ ಮುಂದಿನ ವರ್ಷ ಪ್ರಕಟವಾದ ಅಧ್ಯಯನ ಹೇಳ್ತು, ಆ ನಿಯಮ ಇಲ್ಲದ ಅಕ್ಕಪಕ್ಕದ ರೋಡುಗಳೂ ಕೆಟ್ವು. ನಿಯಮನ ಅಷ್ಟೊಂದು ಜನ ತೂತು ಮಾಡ್ಕೊಂಡಿದ್ರೂ ಅದು ರೋಡನ್ನ ಹಿಡಿದಿಟ್ಟಿತ್ತು. ಇದನ್ನ ಓದಿದ ಮೇಲೆ ಪೂಲ್ ಅನ್ನೋದು ಬರೀ ಒಳ್ಳೆ ಮನಸ್ಸಿನ ವಿಷಯ ಅನ್ನೋದನ್ನ ನಾನು ಬಿಟ್ಟೆ, ಬೇಗ ಹೋಗೋ ಲೇನೋ, ಮುಂದಿನ ಸಾಲಿನ ಪಾರ್ಕಿಂಗೋ, ಏನಾದ್ರೂ ಸಿಕ್ರೆ ಜನ ಮಾಡ್ತಾರೆ. ನಿಮ್ಮ ದಾರೀಲಿ ಅಂಥದ್ದೇನಾದ್ರೂ ಇದ್ರೆ ಪೂಲಿನ ತೂಕ ದುಪ್ಪಟ್ಟು ಅಂತ ತಿಳ್ಕೊಳ್ಳಿ.

ಹಾಗಾದ್ರೆ ನಿಮಗೆ ಯಾವುದು

ದಾರಿ 45 ನಿಮಿಷಕ್ಕಿಂತ ಜಾಸ್ತಿ, ಬೆಳಿಗ್ಗೆ ಹೊರಡೋ ಹೊತ್ತು ಖಾಯಂ, ಒಂದೇ ಕಡೆ ಕೆಲಸ ಮಾಡೋ ಒಬ್ಬರೋ ಇಬ್ಬರೋ ನಡೆಯೋ ದೂರದಲ್ಲಿದಾರೆ ಅಂದ್ರೆ ಖಾಯಂ ಪೂಲ್ ಮಾಡಿ, ಇಬ್ಬರಿಂದ ಶುರು ಮಾಡಿ. ಹತ್ತು ನಿಮಿಷಕ್ಕೊಂದು ಬಸ್ಸೋ ರೈಲೋ ಇದ್ರೆ ಪೂಲಿನ ಉಸಾಬರಿಯೇ ಬೇಡ. ದಾರಿ ಅರ್ಧ ಗಂಟೆ ಒಳಗಿದ್ರೆ ಹೊತ್ತು ಬದಲಾಯಿಸಿ ನೋಡಿ ಮೊದಲು. ಸಂಜೆ ಯಾವಾಗ ಮುಗಿಯುತ್ತೋ ದೇವರಿಗೇ ಗೊತ್ತು ಅನ್ನೋ ಕೆಲಸ ಆದ್ರೆ ಬೆಳಿಗ್ಗೆ ಮಾತ್ರ ಯಾರ ಜೊತೆಗಾದ್ರೂ ಹೋಗಿ ಸಂಜೆ ಬಸ್ಸೋ ಕ್ಯಾಬೋ ಹಿಡೀರಿ, ಅದಕ್ಕೂ ದಾರಿ ಇಲ್ಲಾಂದ್ರೆ ಒಬ್ಬರೇ ಹೋಗಿ, ನೆಮ್ಮದಿಯಾಗಿ ಹೋಗಿ.

ಎರಡು ವಾರ ಪರೀಕ್ಷೆಗೆ ಇಟ್ಕೊಳ್ಳಿ, ಯಾವುದನ್ನೇ ಆಗ್ಲಿ. ಫೋನಲ್ಲಿ ಎರಡೇ ಟೈಮು ಬರ್ಕೊಳ್ಳಿ, ಮನೆ ಬಾಗಿಲು ಎಳ್ಕೊಂಡಿದ್ದು ಎಷ್ಟೊತ್ತಿಗೆ, ಆಫೀಸಲ್ಲಿ ಕುರ್ಚಿ ಎಳ್ಕೊಂಡಿದ್ದು ಎಷ್ಟೊತ್ತಿಗೆ. ಕಾರಲ್ಲಿ ಕೂತ ಹೊತ್ತು ಮಾತ್ರ ಬರ್ಕೊಂಡ್ರೆ ಮೋಸ ಹೋಗ್ತೀರಿ, ಪಾರ್ಕಿಂಗ್ ಹುಡುಕಿದ್ದು, ಗೇಟಲ್ಲಿ ಕಾದಿದ್ದು, ಸ್ಟಾಪಿಗೆ ನಡೆದಿದ್ದು ಎಲ್ಲ ಅದರಾಚೆ ಇರುತ್ತೆ. ಸಂಜೆದೂ ಹಾಗೇ. ಹತ್ತು ದಿನದ ಸರಾಸರಿಗಿಂತ ಅದರಲ್ಲಿ ತೀರಾ ಕೆಟ್ಟ ಎರಡು ದಿನ ಎಷ್ಟು ಹಿಡೀತು ಅಂತ ನೋಡಿ, ಯಾಕಂದ್ರೆ ಪೂಲಿಂದ ಜನ ಜಾರಿಕೊಳ್ಳೋದು ಆ ಎರಡು ದಿನದಿಂದಲೇ. ನಂದು ಸದ್ಯಕ್ಕೆ ವಾರಕ್ಕೆ ಮೂರು ದಿನ ಪೂಲು, ಒಂದು ದಿನ ಬಸ್ಸು, ಒಂದು ದಿನ ಮನೆಯಿಂದ ಕೆಲಸ. ಮೂರೇ ಜನ, 7:48ಕ್ಕೆ ಕಾರು ಹೊರಡುತ್ತೆ. ಹೋದ ವಾರ ಲೇಟಾಗಿದ್ದು ನಾನೇ, ಬಿಟ್ಟು ಹೋದ್ರು.